ಮೂರು ಕಾಲಿನ ಬೆಂಚುಗಳ ಕಂಪನಿ

ಭೂಗೋಳದ ಮೇಷ್ಟ್ರಿಗೆ ಕತ್ತು ಹಿಡಿದುಕೊಂಡು ಎಂಟು ದಿನವಾಗಿತ್ತು. ದಿನಕ್ಕೆ ಮೂರು ಹೊತ್ತು, ಹೊತ್ತಿಗೆ ಹತ್ತು ಸಲ, ಗದ್ದ ಎದೆಗೆ ತಾಗುವವರೆಗೆ ತಲೆ ಬಗ್ಗಿಸಿ ಮೇಲೆತ್ತಬೇಕು ಎಂದು ಡಾಕ್ಟರು ಹೇಳಿದ್ದರು. ಮಧ್ಯಾಹ್ನದ ಸರದಿಯನ್ನು ಮೇಷ್ಟ್ರು ಶಿಕ್ಷಕರ ಸಭೆಯಲ್ಲೇ ಮುಗಿಸಿಬಿಡುತ್ತಿದ್ದರು. ಅಲ್ಲಿ ಅವರಿಗೆ ಬೇರೆ ಕೆಲಸವೇನೂ ಇರುತ್ತಿರಲಿಲ್ಲ. ಆ ಸೋಮವಾರ ಏಳನೆಯ ಸಲ ತಲೆ ಮೇಲೆತ್ತಿದಾಗ ಕೊಠಡಿಯಲ್ಲಿದ್ದ ಹದಿನಾಲ್ಕು ಜನರೂ ತಮ್ಮನ್ನೇ ನೋಡುತ್ತಿರುವುದು ಕಂಡಿತು.

“ನೋಡಿ, ಇದಕ್ಕೇ ಉತ್ಸಾಹ ಅನ್ನೋದು! ಕೇಳಿದ್ದೇ ತಡ, ಒಪ್ಕೊಂಡ್ಬಿಟ್ರು,” ಎಂದು ಹೆಡ್‌ಮಿಸ್ ತಮ್ಮ ಪುಸ್ತಕದಲ್ಲಿ ಬರೆದುಕೊಂಡರು.

ಒಪ್ಪಿಕೊಂಡದ್ದು ಏನನ್ನು ಎಂದು ಮೇಷ್ಟ್ರಿಗೆ ತಿಳಿದದ್ದು ಸಭೆ ಮುಗಿದ ಮೇಲೆ. ಶಿಕ್ಷಣ ಕಚೇರಿಯಿಂದ ಸುತ್ತೋಲೆ ಬಂದಿತ್ತು. ಈ ವರ್ಷದಿಂದ ಒಂಬತ್ತನೆಯ ತರಗತಿಗೆ ‘ವ್ಯವಹಾರ ನಿರ್ವಹಣೆ ಮತ್ತು ನಾಯಕತ್ವ’ ಎಂಬ ಹೊಸ ಪಾಠ. ಬುಧವಾರದ ಕೊನೆಯ ಎರಡು ಪೀರಿಯಡ್ಡು. ಮಕ್ಕಳು ತಮ್ಮದೇ ಒಂದು ಕಂಪನಿ ಕಟ್ಟಿ ನಡೆಸಬೇಕು. ಅದನ್ನು ನೋಡಲು ಕಚೇರಿಯಿಂದ ಅಧಿಕಾರಿ ಬರುತ್ತಾರೆ, ಕೊನೆಗೊಂದು ಪರೀಕ್ಷೆಯೂ ಉಂಟು. ಇದನ್ನು ಯಾರು ಕಲಿಸುತ್ತೀರಿ ಎಂದು ಹೆಡ್‌ಮಿಸ್ ಕೇಳಿದ್ದಾಗ ಲೆಕ್ಕದ ಮಿಸ್ ಕಿಟಕಿಯಾಚೆ ನೋಡಿದ್ದರು, ವಿಜ್ಞಾನದವರಿಗೆ ಕೆಮ್ಮು ಬಂದಿತ್ತು, ಡ್ರಿಲ್ ಮಾಸ್ಟರು ಬಗ್ಗಿ ಬೂಟಿನ ದಾರ ಕಟ್ಟಿಕೊಳ್ಳುತ್ತಿದ್ದರು. ಭೂಗೋಳದ ಮೇಷ್ಟ್ರೊಬ್ಬರೇ ಕೋಲೆಬಸವನ ಹಾಗೆ ತಲೆಯಾಡಿಸಿದ್ದರು.

“ಅದು ಕತ್ತಿನ ವ್ಯಾಯಾಮ, ಮೇಡಂ” ಎಂದು ಹೇಳಬಹುದಿತ್ತು. ಹೇಳಲಿಲ್ಲ. ಐವತ್ತು ವರ್ಷದ ಬದುಕಿನಲ್ಲಿ ಅವರು ಯಾರಿಗೂ ಏನನ್ನೂ ಆಗುವುದಿಲ್ಲ ಎಂದವರಲ್ಲ. ಟೀ ಬೇಕೋ ಕಾಫಿ ಬೇಕೋ ಎಂದರೆ “ಯಾವುದಿದ್ರೆ ಅದು” ಎನ್ನುತ್ತಿದ್ದರು. ಕ್ಷೌರಿಕ ಯಾವ ತಲೆ ಮಾಡಿ ಕಳಿಸಿದರೆ ಆ ತಲೆ ಹೊತ್ತು ಮನೆಗೆ ಬರುತ್ತಿದ್ದರು. ತರಗತಿಯಲ್ಲಿ ಇಬ್ಬರು ಹುಡುಗರು ಜಗಳವಾಡಿಕೊಂಡು ಬಂದರೆ ಇಬ್ಬರದ್ದೂ ಸರಿ ಎಂದುಬಿಡುತ್ತಿದ್ದರು. ಅಡ್ಡಗೋಡೆಯ ಮೇಲೆ ದೀಪ ಇಡುವುದರಲ್ಲಿ ಅವರನ್ನು ಮೀರಿಸಿದವರಿರಲಿಲ್ಲ.

ಮನೆಯಲ್ಲಿದ್ದದ್ದು ಅವರು ಮತ್ತು ಅವರ ಅಕ್ಕ, ಇಬ್ಬರೇ. ಕೆಳಗೆ ಅಕ್ಕನ ಲಾಂಡ್ರಿ, ಮೇಲೆ ಮನೆ. ಎರಡು ದೊಡ್ಡ ಆಸ್ಪತ್ರೆಗಳ ಹಾಸು ಹೊದಿಕೆಗಳೆಲ್ಲ ಅಲ್ಲಿಗೇ ಬರುತ್ತಿದ್ದವು. ಅಕ್ಕನ ಕೈಕೆಳಗೆ ಆರು ಜನ ಕೆಲಸಕ್ಕಿದ್ದರು; ತಮ್ಮನನ್ನೂ ಸೇರಿಸಿದರೆ ಏಳು.

ವಿಷಯ ಕೇಳಿ ಅಕ್ಕ ಕೈಯಲ್ಲಿದ್ದ ಲೋಟ ಕೆಳಗಿಟ್ಟು ನಕ್ಕಳು. ನಕ್ಕು ನಕ್ಕು ಕಣ್ಣಲ್ಲಿ ನೀರು ಬಂದ ಮೇಲೆ ಸೆರಗಿನಲ್ಲಿ ಒರೆಸಿಕೊಂಡು ಕೇಳಿದಳು: “ನೀನು? ನಾಯಕತ್ವ? ಲೋ ಪುಟ್ಟ, ಹೋದ ವಾರ ಬಾಗಿಲಿಗೆ ಪೊರಕೆ ಮಾರೋಕೆ ಬಂದವನಿಗೆ ಬೇಡ ಅನ್ನೋಕಾಗ್ದೆ ನಾಲ್ಕು ತಗೊಂಡ್ಯಲ್ಲೋ!”

“ಪಾಪ, ಬಿಸಿಲಲ್ಲಿ ಬಂದಿದ್ದ.”

“ಆಯ್ತು ಬಿಡು. ಪುಸ್ತಕ ಇದ್ಯಂತಲ್ಲ, ಓದಿ ಹೇಳು. ನೀನು ನೋಡಿರೋ ಸಮುದ್ರಗಳೆಲ್ಲ ಪುಸ್ತಕದಲ್ಲೇ ತಾನೆ?”

ಮಾತು ಚುಚ್ಚಿತಾದರೂ ಧೈರ್ಯ ಬಂತು. ಬುಧವಾರ ಮೇಷ್ಟ್ರು ಪುಸ್ತಕ ಹಿಡಿದು ತರಗತಿಗೆ ಹೋದರು. ಮೂವತ್ತೆರಡು ಮಕ್ಕಳು. ಮೊದಲ ಪಾಠದ ಹೆಸರು ‘ದೂರದೃಷ್ಟಿ’.

“ನಾಯಕನಾದವನಿಗೆ ದೂರದೃಷ್ಟಿ ಇರಬೇಕು,” ಎಂದು ಓದಿದರು.

“ಸಾರ್, ನನಗೆ ಬೋರ್ಡೇ ಕಾಣಲ್ಲ,” ಎಂದ ದಪ್ಪ ಕನ್ನಡಕದ ಹುಡುಗನೊಬ್ಬ. ಮೇಷ್ಟ್ರು ಅವನನ್ನು ಮುಂದಿನ ಸಾಲಿಗೆ ಕರೆದು ಕೂರಿಸಿದರು. ದೂರದೃಷ್ಟಿಯ ಪಾಠ ಅಲ್ಲಿಗೆ ಮುಗಿಯಿತು.

ಎರಡನೆಯ ಪಾಠ ಕಂಪನಿಯ ಹುದ್ದೆಗಳು. ಮೇಷ್ಟ್ರು ಬೋರ್ಡಿನ ಮೇಲೆ ‘ಅಧ್ಯಕ್ಷ’ ಎಂದು ಬರೆಯುವಷ್ಟರಲ್ಲಿ ಇಪ್ಪತ್ತು ಕೈ ಮೇಲೆದ್ದವು. ಎಲ್ಲರಿಗಿಂತ ಎತ್ತರವಿದ್ದ, ಎಲ್ಲರಿಗಿಂತ ದೊಡ್ಡ ಗಂಟಲಿದ್ದ ಹುಡುಗನಿಗೆ ಆ ಹುದ್ದೆ ಹೋಯಿತು. ಅಂದಿನಿಂದ ಇಡೀ ಶಾಲೆಗೆ ಅವನ ಹೆಸರೇ ಅಧ್ಯಕ್ಷ. ಉಳಿದವರು ಮುಖ ಊದಿಸಿಕೊಂಡರು. ಊದಿದ ಮುಖ ನೋಡುವುದು ಮೇಷ್ಟ್ರಿಂದ ಆಗದ ಕೆಲಸ. ಹಾಗಾಗಿ ಉಪಾಧ್ಯಕ್ಷರು ಮೂವರಾದರು. ಮುಖ್ಯ ವ್ಯವಸ್ಥಾಪಕ, ಮುಖ್ಯಾತಿಮುಖ್ಯ ವ್ಯವಸ್ಥಾಪಕಿ, ಖರೀದಿ ಮ್ಯಾನೇಜರ್, ಗುಣಮಟ್ಟದ ಮ್ಯಾನೇಜರ್, ಸುರಕ್ಷತೆಯ ಮ್ಯಾನೇಜರ್, ಪ್ರಚಾರದ ಮ್ಯಾನೇಜರ್ ಎಂದು ಹುದ್ದೆಗಳು ಹುಟ್ಟಿಕೊಂಡವು. ಕನ್ನಡಕದ ಹುಡುಗ ದೂರದೃಷ್ಟಿಯ ಮ್ಯಾನೇಜರ್ ಆದ. ಬೆಲ್ಲು ಹೊಡೆಯುವ ಹೊತ್ತಿಗೆ ಮೂವತ್ತೊಂದು ಜನ ದೊಡ್ಡ ಮನುಷ್ಯರಾಗಿದ್ದರು.

ಉಳಿದವಳು ಒಬ್ಬಳೇ. ಕೋಲಿನಂತೆ ತೆಳ್ಳಗಿದ್ದ, ಮಾತು ಕಡಿಮೆಯ ಹುಡುಗಿ. ಅವಳ ಸೋದರಮಾವನಿಗೆ ಮೇಜು ಕುರ್ಚಿ ಮಾಡುವ ಅಂಗಡಿಯಿತ್ತು. ಅವಳ ಪೆನ್ಸಿಲ್ ಡಬ್ಬಿಯಲ್ಲಿ ಪೆನ್ಸಿಲಿಗಿಂತ ಮೊಳೆಗಳೇ ಹೆಚ್ಚಿರುತ್ತಿದ್ದವು. ಎಲ್ಲರೂ ಅವಳನ್ನು ಮೊಳೆ ಎಂದೇ ಕರೆಯುತ್ತಿದ್ದರು.

“ನಿನಗೇನಮ್ಮ ಬೇಕು?” ಎಂದು ಮೇಷ್ಟ್ರು ಕೇಳಿದರು.

“ಕಂಪನಿ ಏನ್ ಮಾಡುತ್ತೆ ಸಾರ್?”

ತರಗತಿ ಗಪ್‌ಚಿಪ್ಪಾಯಿತು. ಕಂಪನಿ ಏನಾದರೂ ಮಾಡಬೇಕಾಗುತ್ತದೆ ಎಂಬುದು ಯಾರಿಗೂ ಹೊಳೆದಿರಲಿಲ್ಲ. ಮೇಷ್ಟ್ರು ಪುಸ್ತಕದ ಹಾಳೆ ಮಗುಚತೊಡಗಿದರು. ಅಷ್ಟರಲ್ಲಿ ಹಿಂದಿನ ಸಾಲಿನಲ್ಲಿ ‘ಲಟಕ್’ ಎಂದಿತು. ಮೂವರು ಉಪಾಧ್ಯಕ್ಷರು ಕುಳಿತಿದ್ದ ಬೆಂಚು ಒಂದು ಕಡೆಗೆ ವಾಲಿ, ಮೂವರನ್ನೂ ಒಬ್ಬರ ಮೇಲೊಬ್ಬರಂತೆ ನೆಲಕ್ಕೆ ಸುರಿಯಿತು.

ಹೀಗೆ ಕಂಪನಿಗೆ ಕೆಲಸ ಸಿಕ್ಕಿತು. ಶಾಲೆಯ ಹಿಂಭಾಗದ ಉಗ್ರಾಣದಲ್ಲಿ ಕಾಲು ಮುರಿದ, ಕೀಲು ಸಡಿಲಿದ ನಲವತ್ಮೂರು ಬೆಂಚುಗಳು ವರ್ಷಗಳಿಂದ ರಾಶಿ ಬಿದ್ದಿದ್ದವು. ಹೆಡ್‌ಮಿಸ್ ಬೀಗದ ಕೈ ಕೊಟ್ಟರು. ಮೊಳೆಯ ಸೋದರಮಾವ ಹಳೆಯ ಸುತ್ತಿಗೆ, ಗರಗಸ, ಉಳಿ, ಒಂದು ಡಬ್ಬಿ ಮರದ ಅಂಟು ಕಳಿಸಿಕೊಟ್ಟ.

ಮೊದಲ ವಾರ ಮೊಳೆ ಒಂದು ಬೆಂಚು ರಿಪೇರಿ ಮಾಡಿದಳು. ಎರಡನೆಯ ವಾರ ಎರಡು. ಪ್ರಚಾರದ ಮ್ಯಾನೇಜರು ಬಣ್ಣದ ಪೆನ್ನುಗಳಲ್ಲಿ ನಕ್ಷೆ ಬರೆದು ಗೋಡೆಗೆ ಅಂಟಿಸಿದ: ಬೆಳವಣಿಗೆ ಶೇಕಡಾ ನೂರು. ಆಡಳಿತ ಮಂಡಳಿಯ ಅಭಿನಂದನಾ ಸಭೆ ನಡೆಯಿತು. ಅಧ್ಯಕ್ಷ ಮುಖ್ಯಾತಿಮುಖ್ಯ ವ್ಯವಸ್ಥಾಪಕಿಯನ್ನು ಹೊಗಳಿದ, ಅವಳು ಅಧ್ಯಕ್ಷನನ್ನು ಹೊಗಳಿದಳು. ಮೊಳೆಯನ್ನು ಕರೆದಿರಲಿಲ್ಲ, ಅವಳು ಆಡಳಿತ ಮಂಡಳಿಯಲ್ಲಿರಲಿಲ್ಲವಲ್ಲ.

ಕಂಪನಿ ಈ ಪರಿ ಬೆಳೆಯುತ್ತಿರುವಾಗ ಒಂದು ಶಿಸ್ತು ಬೇಡವೇ ಎಂದು ಸಭೆಯಲ್ಲಿ ಪ್ರಶ್ನೆ ಬಂತು. ಬೇಕು ಎಂದು ಎಲ್ಲರೂ ಒಪ್ಪಿದರು. ಮೇಷ್ಟ್ರನ್ನು ಕೇಳಿದಾಗ ಅವರೂ “ಒಳ್ಳೇದೇ” ಎಂದರು. ಮೂರನೆಯ ವಾರದಿಂದ ಒಂದೊಂದು ಮೊಳೆ ಹೊಡೆಯುವ ಮುಂಚೆಯೂ ಒಂದು ಅರ್ಜಿ ತುಂಬಬೇಕಾಯಿತು. ಮೊಳೆ ಎಷ್ಟು ಉದ್ದ, ಎಲ್ಲಿಗೆ, ಯಾಕೆ, ಹೊಡೆಯದಿದ್ದರೆ ಏನಾಗುತ್ತದೆ. ಖರೀದಿಯವನ ಸಹಿ, ಗುಣಮಟ್ಟದವಳ ಸಹಿ, ಸುರಕ್ಷತೆಯವನ ಸಹಿ, ಮೂವರು ಉಪಾಧ್ಯಕ್ಷರದ್ದು, ಹೀಗೆ ಒಟ್ಟು ಒಂಬತ್ತು. ಹತ್ತು ಜನ ಸೇರಿದ ಕಡೆ ಹಾವು ಸಾಯುವುದಿಲ್ಲ ಎನ್ನುತ್ತಾರೆ; ಇಲ್ಲಿ ಮೂವತ್ತೊಂದು ಜನ ಸೇರಿದ್ದರು. ಆ ವಾರ ಒಂದು ಬೆಂಚೂ ಆಗಲಿಲ್ಲ. ಪ್ರಚಾರದ ಮ್ಯಾನೇಜರು ನಕ್ಷೆಯನ್ನು ತಲೆಕೆಳಗಾಗಿ ಅಂಟಿಸಿದ.

ನಾಲ್ಕನೆಯ ವಾರ ಮೊಳೆ ರಾಜೀನಾಮೆ ಕೊಟ್ಟಳು. ಪತ್ರ ಬರೆಯುವ ಕ್ರಮವನ್ನು ಮೇಷ್ಟ್ರೇ ಐದನೆಯ ಪಾಠದಲ್ಲಿ ಕಲಿಸಿದ್ದರು, ಆದ್ದರಿಂದ ಪತ್ರದಲ್ಲಿ ತಪ್ಪು ಹುಡುಕುವಂತಿರಲಿಲ್ಲ.

‘ಮಾನ್ಯರೇ, ಒಂದು ಮೊಳೆ ಹೊಡೆಯಲು ಒಂಬತ್ತು ಸಹಿ ಬೇಕು. ಎಂಟು ಸಿಕ್ಕಿವೆ. ಒಂಬತ್ತನೆಯವರು ಜ್ವರ ಬಂದು ಮಲಗಿದ್ದಾರೆ. ಅವರು ಬೇಗ ಗುಣವಾಗಲಿ. ನಾನು ಹೊರಟೆ. ಇಂತಿ, ಕೆಲಸದವಳು.’

ಆಡಳಿತ ಮಂಡಳಿ ತುರ್ತು ಸಭೆ ಸೇರಿತು. ಅನುಮತಿಯಿಲ್ಲದೆ ಯಾರೂ ರಾಜೀನಾಮೆ ಕೊಡುವಂತಿಲ್ಲ, ಕೊಡಲೇಬೇಕಿದ್ದರೆ ಅದಕ್ಕೂ ಒಂಬತ್ತು ಸಹಿಯ ಅರ್ಜಿ ತುಂಬತಕ್ಕದ್ದು ಎಂದು ನಿರ್ಣಯವಾಯಿತು. ಮೊಳೆ ಬರಲಿಲ್ಲ. ಅವಳು ಮೈದಾನದ ಮೂಲೆಯಲ್ಲಿ ಕುಳಿತು ಆರನೆಯ ತರಗತಿಯವಳ ಮುರಿದ ಚಪ್ಪಲಿಗೆ ಮೊಳೆ ಹೊಡೆದುಕೊಡುತ್ತಿದ್ದಳು. ಯಾರ ಸಹಿಯೂ ಇಲ್ಲದೆ.

ಅದೇ ದಿನ ಕಚೇರಿಯಿಂದ ಪತ್ರ ಬಂತು. ಮೂರು ವಾರ ಬಿಟ್ಟು ಅಧಿಕಾರಿ ಬರುತ್ತಾರೆ. ಹೆಡ್‌ಮಿಸ್ ನೆಲದ ಮೇಲೆ ನಿಲ್ಲದಾದರು. “ಒಂದು ದೊಡ್ಡ ಬ್ಯಾನರು, ಒಂದು ಸ್ವಾಗತ ಭಾಷಣ, ಆಮೇಲೆ ರಿಪೇರಿ ಆದ ಬೆಂಚುಗಳ ಸಾಲು. ಎಷ್ಟಾಗಿದೆ ಮೇಷ್ಟ್ರೇ ಈಗ? ಇಪ್ಪತ್ತು?”

“ಹತ್ತಿರ ಹತ್ತಿರ,” ಎಂದರು ಮೇಷ್ಟ್ರು. ಆಗಿದ್ದದ್ದು ಮೂರು.

ಅಂದು ಸಂಜೆ ಮೇಷ್ಟ್ರು ಸಪ್ಪೆ ಮುಖ ಹೊತ್ತು ಲಾಂಡ್ರಿಯ ಬಾಗಿಲಲ್ಲಿ ನಿಂತರು. ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ ಎಂಬ ಸ್ಥಿತಿ. ಅಕ್ಕ ಎಲ್ಲವನ್ನೂ ಕೇಳಿಸಿಕೊಂಡಳು.

“ಎಲ್ಲರೂ ಪಲ್ಲಕ್ಕಿ ಏರಿದ್ರೆ ಹೊರೋರು ಯಾರೋ ಪುಟ್ಟ?”

“ಕೇಳಿದ್ರು, ಕೊಟ್ಟೆ.”

“ಮೂವತ್ತೊಂದು ಜನಾನ? ಶನಿವಾರ ಬೆಳಿಗ್ಗೆ ಎಲ್ಲರನ್ನೂ ಇಲ್ಲಿಗೆ ಕರ್ಕೊಂಡು ಬಾ. ದೊಡ್ಡ ಕಂಪನಿ ಹೇಗೆ ನಡೆಯುತ್ತೆ ಅಂತ ನೋಡ್ಲಿ.” ಇಷ್ಟು ಹೇಳಿ ಅಕ್ಕ ಸೇರಿಸಿದಳು: “ನನಗೂ ಇಬ್ಬರು ರಜೆ ಹಾಕಿದ್ದಾರೆ. ಹಾಸುಗಳು ರಾಶಿ ಬಿದ್ದಿವೆ.”

ಶನಿವಾರ ಮಕ್ಕಳು ಬಂದರು. ಮೊಳೆಯೂ ಬಂದಳು, ಸ್ವಲ್ಪ ದೂರದಲ್ಲಿ, ತಾನು ಈ ಕಂಪನಿಯವಳಲ್ಲ ಎಂಬಂತೆ. ಅಧ್ಯಕ್ಷ ಟೈ ಕಟ್ಟಿಕೊಂಡಿದ್ದ. ಒಳಗೆ ಬಿಸಿ ಹಬೆ, ಸೋಪಿನ ವಾಸನೆ. ಮನುಷ್ಯ ಕೂರಬಹುದಾದಷ್ಟು ದೊಡ್ಡ ಉಕ್ಕಿನ ಡ್ರಮ್ಮುಗಳು ಗರಗರ ಸುತ್ತುತ್ತಿದ್ದವು. ಅಕ್ಕ ಭಾಷಣ ಮಾಡುವಳೆಂದು ಎಲ್ಲರೂ ನೋಟ್‌ಬುಕ್ ತೆರೆದರು. ಅಕ್ಕ ನೋಟ್‌ಬುಕ್ಕುಗಳನ್ನೆಲ್ಲ ಒಂದು ಬುಟ್ಟಿಯಲ್ಲಿ ಹಾಕಿಸಿ, ಮಕ್ಕಳನ್ನು ಇಬ್ಬಿಬ್ಬರಂತೆ ಎದುರುಬದುರು ನಿಲ್ಲಿಸಿ, ಒಂದೊಂದು ಜೋಡಿಗೆ ಒಂದೊಂದು ಹಾಸು ಕೊಟ್ಟಳು.

“ಮಡಚಿ. ನೆಲಕ್ಕೆ ತಾಗಿದ್ರೆ ಮತ್ತೆ ಒಗೀಬೇಕು.”

ಹಾಸು ಮಡಚುವುದು ನೋಡುವುದಕ್ಕೆ ಸುಲಭ. ಇಬ್ಬರೂ ಒಟ್ಟಿಗೆ ಎಳೆದು, ಒಟ್ಟಿಗೆ ಮುಂದೆ ಬಂದು, ತುದಿಗೆ ತುದಿ ಸೇರಿಸಬೇಕು. ಅಧ್ಯಕ್ಷ ಮತ್ತು ಮುಖ್ಯಾತಿಮುಖ್ಯ ವ್ಯವಸ್ಥಾಪಕಿ ಇಬ್ಬರೂ ಒಟ್ಟಿಗೆ ಅಪ್ಪಣೆ ಕೊಟ್ಟರು. ಅವನು ಎಡಕ್ಕೆ ಅಂದ, ಅವಳು ಬಲಕ್ಕೆ ಅಂದಳು, ಹಾಸು ಹಗ್ಗದಂತೆ ಹುರಿಗೊಂಡು ನೆಲಕ್ಕೆ ಬಿತ್ತು. ಮತ್ತೆ ಡ್ರಮ್ಮಿಗೆ. ಎರಡನೆಯದೂ ಬಿತ್ತು. ಮೂರನೆಯದು ಬಿದ್ದಾಗ ಡ್ರಮ್ಮಿನ ಬಳಿ ನಿಂತಿದ್ದ ಒಗೆಯುವವನು ಇಬ್ಬರ ಮುಖವನ್ನೂ ಒಮ್ಮೆ ನೋಡಿದ. ನಾಲ್ಕನೆಯ ಹಾಸಿನಲ್ಲಿ ಅಧ್ಯಕ್ಷ ಬಾಯಿ ಮುಚ್ಚಿದ. ಹಾಸು ಮಡಚಿಕೊಂಡಿತು.

ಅಕ್ಕ ನಡುದಾರಿಯಲ್ಲಿ ಸೊಂಟದ ಮೇಲೆ ಕೈಯಿಟ್ಟು ನಿಂತು ಇದನ್ನೆಲ್ಲ ನೋಡುತ್ತಿದ್ದಳು. ಇಸ್ತ್ರಿ ಮಾಡುವ ಹೆಂಗಸು ಎದೆಯೆತ್ತರದ ಬಟ್ಟೆಯ ಗಂಟು ಹೊತ್ತು ಬಂದವಳು, “ಅಮ್ಮಾ, ಸರೀರಿ ಆಚೆ! ಕಂಬದ ಹಾಗೆ ನಿಂತಿದ್ದೀರಲ್ಲ!” ಎಂದು ಗದರಿದಳು. ಅಕ್ಕ ತಟ್ಟನೆ ಸರಿದು ಗೋಡೆಗೆ ಅಂಟಿಕೊಂಡಳು.

ಅಧ್ಯಕ್ಷನ ಕಣ್ಣು ಅಗಲವಾಯಿತು. “ಅಜ್ಜಿ, ನೀವು ಓನರ್ ಅಲ್ವಾ? ಅವರು ನಿಮಗೇ ಬೈದ್ರಲ್ಲ?”

“ದಾರಿಗೆ ಅಡ್ಡ ನಿಂತಿದ್ದೆನಲ್ಲ,” ಎಂದಳು ಅಕ್ಕ. ಆಮೇಲೆ, “ಅಜ್ಜಿ ಅಂದ್ಯಾ ನನ್ನ? ಇನ್ನೆರಡು ಹಾಸು ಮಡಚು,” ಎಂದಳು.

ಮಧ್ಯಾಹ್ನದ ಹೊತ್ತಿಗೆ ನೂರಾ ಎಂಬತ್ತು ಹಾಸು ಮುಗಿದಿದ್ದವು. ಅಕ್ಕ ಎಲ್ಲರಿಗೂ ತಣ್ಣನೆಯ ನಿಂಬೆ ಪಾನಕ ಕೊಟ್ಟಳು. ನಾಯಕತ್ವದ ಬಗ್ಗೆ ಒಂದು ಮಾತೂ ಹೇಳಲಿಲ್ಲ. ಮೇಷ್ಟ್ರು ಮೂಲೆಯಲ್ಲಿ ನಿಂತು ಯೋಚಿಸುತ್ತಿದ್ದರು. ಅವರಿಗೂ ಒಂದು ಹಾಸು ಕೊಟ್ಟಿದ್ದರು, ಜೊತೆಗೆ ಯಾರೂ ಸಿಕ್ಕದೆ ಅದನ್ನು ಹಾಗೇ ಹೊದ್ದುಕೊಂಡಿದ್ದರು.

ಮುಂದಿನ ಬುಧವಾರ ಅವರು ತರಗತಿಗೆ ಬಂದಾಗ ಅಧ್ಯಕ್ಷ ಒಂದು ಹಾಳೆ ಹಿಡಿದು ಎದ್ದ. “ಸಾರ್, ಕೆಲಸದವರು ಇಲ್ಲದ್ದಕ್ಕೆ ತಾನೆ ತೊಂದರೆ? ಎಂಟನೇ ಕ್ಲಾಸಿನಿಂದ ನಾಲ್ಕು ಜನಾನ ತರಬೇತಿ ಅಂತ ತಗೊಳ್ಳೋಣ. ನಾವು ಅವರನ್ನ ಮ್ಯಾನೇಜ್ ಮಾಡ್ತೀವಿ. ನೀವು ಹೂಂ ಅಂದ್ರೆ ಸಾಕು.”

“ಇಲ್ಲ,” ಎಂದರು ಮೇಷ್ಟ್ರು.

ಕಡ್ಡಿ ತುಂಡು ಮಾಡಿದ ಹಾಗೆ ಬಂದ ಆ ಮಾತು ಕೇಳಿ ಮಕ್ಕಳು ಬೆಚ್ಚಿದರು. ಮಕ್ಕಳಿಗಿಂತ ಹೆಚ್ಚು ಬೆಚ್ಚಿದವರು ಮೇಷ್ಟ್ರು. ಹೇಳಿದವರು ಯಾರೆಂದು ನೋಡಲು ಅವರೂ ಒಮ್ಮೆ ಹಿಂದೆ ತಿರುಗಿದರು. ಹಿಂದೆ ಬೋರ್ಡಿತ್ತು. ಆಕಾಶ ಕಳಚಿ ಬೀಳಲಿಲ್ಲ. ಯಾರೂ ಅಳಲಿಲ್ಲ. ಧೈರ್ಯ ಮಾಡಿ ಇನ್ನೊಂದು ಸಲ ಹೇಳಿ ನೋಡಿದರು: “ಇಲ್ಲ. ಇವತ್ತಿಂದ ಯಾರಿಗೂ ಹುದ್ದೆ ಇಲ್ಲ. ಒಂದು ಬೆಂಚು ಸ್ವಂತ ಕೈಯಿಂದ ರಿಪೇರಿ ಮಾಡಿ, ಅದರ ಮೇಲೆ ನನ್ನನ್ನ ಕೂರಿಸಿ. ನಾನು ಬೀಳದೇ ಇದ್ರೆ ಆಮೇಲೆ ಏನ್ ಬೇಕೋ ಹೆಸರಿಟ್ಕೊಳ್ಳಿ.”

ಆಮೇಲೆ ಮೈದಾನದ ಮೂಲೆಗೆ ಹೋಗಿ ಮೊಳೆಯ ಎದುರು ನಿಂತರು. “ವಾಪಸ್ ಬರ್ತೀಯೇನಮ್ಮ?”

ಮೊಳೆ ಬೆರಳು ಮಡಚುತ್ತ ಷರತ್ತು ಹಾಕಿದಳು. “ಸಹಿ ಇರಬಾರದು. ಮೀಟಿಂಗ್ ಇರಬಾರದು. ನಾನು ಹಿಡ್ಕೊಳ್ಳಿ ಅಂದ್ರೆ ಹಿಡ್ಕೋಬೇಕು, ಬಿಡಿ ಅಂದ್ರೆ ಬಿಡಬೇಕು.”

“ನಾನೂನಾ?”

“ಯಾರಾದ್ರೂ.”

ಉಗ್ರಾಣದಲ್ಲಿ ದಿನವೂ ಕೆಲಸ ಶುರುವಾಯಿತು; ಮೇಷ್ಟ್ರು ಎಲ್ಲರಿಗಿಂತ ಮುಂಚೆ ಬಂದು ಬೀಗ ತೆಗೆಯುತ್ತಿದ್ದರು. ಮೊದಲ ದಿನ ಒಬ್ಬ ಉಪಾಧ್ಯಕ್ಷ ತನ್ನ ಪ್ಯಾಂಟನ್ನೇ ಬೆಂಚಿಗೆ ಸೇರಿಸಿ ಮೊಳೆ ಹೊಡೆದುಕೊಂಡ. ಸುರಕ್ಷತೆಯ ಮ್ಯಾನೇಜರ್ ಮೂರು ಬೆರಳಿಗೆ ಪಟ್ಟಿ ಕಟ್ಟಿಸಿಕೊಂಡ. ಅಧ್ಯಕ್ಷ ಹೊಡೆದ ಮೊಳೆಗಳೆಲ್ಲ ಕೊಕ್ಕೆಗಳಾದವು. ಮೊಳೆ ಅವನ ಕೈಯಿಂದ ಸುತ್ತಿಗೆ ಕಸಿದುಕೊಂಡು ಉಪ್ಪುಕಾಗದ ಕೊಟ್ಟು, ಮರ ಉಜ್ಜಲು ಕೂರಿಸಿದಳು. ಅವನು ಅವಮಾನದಿಂದ ಕಿವಿ ಕೆಂಪಗೆ ಮಾಡಿಕೊಂಡು ಉಜ್ಜಿದ. ಅರ್ಧ ಗಂಟೆಯ ಮೇಲೆ ಹಲಗೆಯ ಮೇಲೆ ಅಂಗೈ ಆಡಿಸಿ ನೋಡಿದ. ಆಮೇಲೆ ಪಕ್ಕದವನ ಅಂಗೈ ಹಿಡಿದು ಆಡಿಸಿ ತೋರಿಸಿದ. ಮರುದಿನ ಟೈ ಕಟ್ಟದೆ ಬಂದ.

ಮೇಷ್ಟ್ರಿಗೆ ಮಾತ್ರ ಹೊಸ ಚಟ ಅಂಟಿಕೊಂಡಿತ್ತು. “ಇಲ್ಲ” ಎನ್ನುವುದರ ರುಚಿ ಸಿಕ್ಕಿತ್ತು. ಡ್ರಿಲ್ ಮಾಸ್ಟರು ತಮ್ಮ ಪೀರಿಯಡ್ ನೋಡಿಕೊಳ್ಳಿ ಎಂದಾಗ ಇಲ್ಲ ಎಂದರು. ಡ್ರಿಲ್ ಮಾಸ್ಟರು ಕಿವಿಗೆ ಬೆರಳು ಹಾಕಿ ಅಲ್ಲಾಡಿಸಿಕೊಂಡರು. ಪೊರಕೆಯವನು ಖುಷಿಯಿಂದ ಬಂದವನು ಪೆಚ್ಚಾಗಿ ಹೋದ. ಕ್ಷೌರಿಕನಂತೂ “ಇಷ್ಟು ಸಾಕಾ ಸಾರ್?” ಎಂದು ಕೇಳಿ ಕೇಳಿ ಸುಸ್ತಾದ. ಪ್ರತಿ ಸಲವೂ ಮೇಷ್ಟ್ರು ಇಲ್ಲ ಎಂದದ್ದರಿಂದ ಕೊನೆಗೆ ಕತ್ತರಿಸಲು ತಲೆಯ ಮೇಲೆ ಏನೂ ಉಳಿಯಲಿಲ್ಲ. ಅಕ್ಕ ಒಂದು ದಿನ ಊಟಕ್ಕೆ ಏಳುತ್ತೀಯಾ ಎಂದಾಗ ಅಭ್ಯಾಸಬಲದಿಂದ ಇಲ್ಲ ಎಂದುಬಿಟ್ಟು, ಹೇಳಿದ ಮಾತು ಹಿಂದಕ್ಕೆ ತೆಗೆದುಕೊಳ್ಳಲು ನಾಚಿಕೆಯಾಗಿ ಹಸಿದುಕೊಂಡೇ ಮಲಗಿದರು.

ಅಧಿಕಾರಿ ಬರುವ ದಿನ ಬಂತು. ಹೆಡ್‌ಮಿಸ್ ಬೆಳಿಗ್ಗೆಯಿಂದ ಹೂಗುಚ್ಛ ಹಿಡಿದು ಮುಂಬಾಗಿಲಲ್ಲಿ ನಿಂತಿದ್ದರು. ಸ್ವಾಗತ ಭಾಷಣ ಮಾಡಬೇಕಿದ್ದ ಅಧ್ಯಕ್ಷನಿಗೆ ನಾಲ್ಕು ಸಲ ಹೇಳಿಕಳಿಸಿದ್ದರು. ಅವನು ನಾಲ್ಕು ಸಲವೂ “ಇದೊಂದು ಹಲಗೆ ಮುಗಿಸಿ ಬರ್ತೀನಿ” ಎಂದಿದ್ದ. ಇತ್ತ ಮುಂದಿನ ರಸ್ತೆಯನ್ನು ನೀರಿನ ಪೈಪು ಹಾಕಲು ಅಗೆದಿದ್ದರು. ಅಧಿಕಾರಿಯ ಕಾರು ಸುತ್ತಿ ಬಳಸಿ ಹಿಂದಿನ ಓಣಿಗೆ ಬಂದು ನಿಂತಿತು. ಬಿಳಿ ಅಂಗಿ ತೊಟ್ಟ, ಅರವತ್ತರ ಹತ್ತಿರದ, ದುಂಡನೆಯ ಮನುಷ್ಯ ಇಳಿದು, ತೆರೆದಿದ್ದ ಬಾಗಿಲಿನೊಳಗೆ ಇಣುಕಿದರು. ಅದು ಉಗ್ರಾಣದ ಬಾಗಿಲು.

ಮೊಳೆ ಆಗ ಕಷ್ಟದಲ್ಲಿದ್ದಳು. ಬೆಂಚಿನ ಕಾಲನ್ನು ಅಂಟು ಹಚ್ಚಿ ಕೂರಿಸಿದ್ದಳು, ಅದನ್ನು ಬಿಗಿಹಿಡಿಯುವ ಕಬ್ಬಿಣದ ಕ್ಲ್ಯಾಂಪಿನ ತಿರುಪು ಅದೇ ಗಳಿಗೆಯಲ್ಲಿ ಮುರಿದಿತ್ತು. ಮಾವನ ಅಂಗಡಿಯಿಂದ ಹಲಗೆ ತರುವ ಆಳನ್ನು ಅವಳು ಬೆಳಿಗ್ಗೆಯಿಂದ ಕಾಯುತ್ತಿದ್ದಳು.

“ಬಂದ್ರಾ? ಹಲಗೆ ಆಮೇಲೆ ಇಳಿಸಿ. ಮೊದಲು ಇದನ್ನ ಹಿಡ್ಕೊಳ್ಳಿ,” ಎಂದಳು.

“ನಾನು…”

“ಎರಡೂ ಕೈಲಿ. ಮಂಡಿ ಊರಿ.”

ಅಧಿಕಾರಿ ಮಂಡಿಯೂರಿ ಹಿಡಿದುಕೊಂಡರು. “ಮಗು, ನಾನು ಕಚೇರಿಯಿಂ…”

“ಮಾತಾಡಬೇಡಿ ಮಾಮ, ಅಲ್ಲಾಡುತ್ತೆ.”

ಸುತ್ತ ಮೂವತ್ತು ಮಕ್ಕಳು ಕೊಯ್ಯುತ್ತ, ಉಜ್ಜುತ್ತ, ಬಡಿಯುತ್ತ ಇದ್ದರು. ಯಾರೂ ಅವರ ಕಡೆ ನೋಡಲಿಲ್ಲ. ಯಾರೋ ಒಬ್ಬಳು ಬಂದು ಅವರ ತಲೆಯ ಮೇಲಿಂದ ಕೈ ಚಾಚಿ ಮೊಳೆಗಳ ಡಬ್ಬಿ ತೆಗೆದುಕೊಂಡು ಹೋದಳು.

ಒಂಬತ್ತು ನಿಮಿಷದ ಮೇಲೆ ಮೇಷ್ಟ್ರು ಒಳಗೆ ಬಂದರು. ಬಂದವರು ಬಾಗಿಲಲ್ಲೇ ನಿಂತರು. ಸುತ್ತೋಲೆಯ ಮೇಲಿನ ಫೋಟೋದಲ್ಲಿ ನೋಡಿದ್ದ ಮುಖ ಬೆಂಚಿನ ಕಾಲು ತಬ್ಬಿಕೊಂಡು ಬೆವರುತ್ತಿತ್ತು. ಅಧಿಕಾರಿ ಅವರತ್ತ ಆಸೆಯಿಂದ ನೋಡಿ, ಪಿಸುದನಿಯಲ್ಲಿ ಕೇಳಿದರು: “ನಾನು ಇದನ್ನ ಬಿಡಬಹುದಾ?”

ಮೇಷ್ಟ್ರು ಮೊಳೆಯ ಕಡೆ ನೋಡಿದರು. ಅವಳು ಗಡಿಯಾರ ನೋಡಿದಳು. ಅಂಟು ಕಚ್ಚಿಕೊಳ್ಳಲು ಇಪ್ಪತ್ತು ನಿಮಿಷ ಬೇಕು, ಆ ಕಾಲನ್ನು ಕೂರಿಸಲು ಅವಳು ಬೆಳಿಗ್ಗೆಯಿಂದ ಒದ್ದಾಡಿದ್ದಳು.

“ಇಲ್ಲ,” ಎಂದರು ಮೇಷ್ಟ್ರು. “ಇನ್ನೂ ಹನ್ನೊಂದು ನಿಮಿಷ ಇದೆ, ಸರ್.” ಹೀಗೆ ಹೇಳಿ ತಾವೂ ಪಕ್ಕದಲ್ಲಿ ಮಂಡಿಯೂರಿ ಬೆಂಚಿನ ಇನ್ನೊಂದು ಕಾಲು ಹಿಡಿದುಕೊಂಡರು.

ಇಬ್ಬರು ದೊಡ್ಡವರು ಒಬ್ಬರ ಮುಖ ಒಬ್ಬರು ನೋಡುತ್ತ ಕುಳಿತಿದ್ದಾಗ ಕಾದು ಕಾದು ಬೇಸತ್ತ ಹೆಡ್‌ಮಿಸ್ ಹೂಗುಚ್ಛದ ಸಮೇತ ಬಂದರು. ನೋಡಿದರು. “ಅಯ್ಯೋ! ಸರ್! ಇದೇನು ಅನ್ಯಾಯ! ಏಳಿ ಸರ್, ಏಳಿ! ಯಾರು ನಿಮ್ಮನ್ನ…”

“ಮಾತಾಡಬೇಡಿ,” ಎಂದರು ಅಧಿಕಾರಿ ಹಲ್ಲು ಕಚ್ಚಿ, “ಅಲ್ಲಾಡುತ್ತೆ.”

ಇಪ್ಪತ್ತು ನಿಮಿಷವಾದ ಮೇಲೆ ಮೊಳೆ “ಬಿಡಿ” ಎಂದಳು. ಆಗಲೇ ಅವಳಿಗೆ ಅವರು ಯಾರೆಂದು ತಿಳಿದದ್ದು. ಮುಖ ಬಿಳುಚಿಕೊಂಡಿತಾದರೂ, ಅಧಿಕಾರಿ ಸುಸ್ತಾಗಿ ಅದೇ ಬೆಂಚಿನ ಮೇಲೆ ಕೂರಲು ಹೋದಾಗ ಅವಳು ಅಡ್ಡ ಬಂದಳು: “ನಾಳೆವರೆಗೆ ಯಾರೂ ಕೂರೋ ಹಾಗಿಲ್ಲ ಸಾರ್.” ಅವರು ಹೂಗುಚ್ಛ ಹಿಡಿದುಕೊಂಡು ನಿಂತೇ ಎಲ್ಲವನ್ನೂ ನೋಡಿದರು. ಇಪ್ಪತ್ತಾರು ಬೆಂಚು ಸರಿಯಾಗಿದ್ದವು. ಮೈಯೆಲ್ಲ ಮರದ ಹುಡಿ ಮೆತ್ತಿಕೊಂಡ ಎತ್ತರದ ಹುಡುಗನೊಬ್ಬನನ್ನು, “ಕಂಪನಿಯಲ್ಲಿ ನಿನ್ನ ಹುದ್ದೆ ಏನಪ್ಪ?” ಎಂದು ಕೇಳಿದರು.

“ಉಪ್ಪುಕಾಗದ, ಸಾರ್,” ಎಂದ ಅಧ್ಯಕ್ಷ.

ಅಧಿಕಾರಿಯ ವರದಿ ತಿಂಗಳಾದ ಮೇಲೆ ಬಂತು. ಬ್ಯಾನರ್: ಇಲ್ಲ. ಭಾಷಣ: ಇಲ್ಲ. ದಾಖಲೆಗಳು: ಇಲ್ಲ. ಆ ಮೂರಕ್ಕೂ ಸೊನ್ನೆ ಅಂಕ. ಕೊನೆಯಲ್ಲಿ ಕೈಬರಹದಲ್ಲಿ ಒಂದು ಸಾಲು: ‘ಬೆಂಚು ಗಟ್ಟಿಯಾಗಿದೆ. ನನ್ನ ಮಂಡಿ ಇನ್ನೂ ನೋಯುತ್ತಿದೆ.’ ಇದನ್ನು ಹೊಗಳಿಕೆ ಎಂದುಕೊಳ್ಳಬೇಕೋ ಬೈಗುಳ ಎಂದುಕೊಳ್ಳಬೇಕೋ ತಿಳಿಯದೆ ಹೆಡ್‌ಮಿಸ್ ಅದನ್ನು ಸೂಚನಾ ಫಲಕಕ್ಕೆ ಅರ್ಧ ಮಡಚಿ ಅಂಟಿಸಿದರು.

ಆಮೇಲೆ ಪರೀಕ್ಷೆ. ಪ್ರಶ್ನೆಪತ್ರಿಕೆಯೂ ಮಾದರಿ ಉತ್ತರವೂ ಕಚೇರಿಯಿಂದಲೇ ಬಂದಿದ್ದವು. ‘ನಾಯಕನ ಐದು ಗುಣಗಳನ್ನು ಬರೆಯಿರಿ’ ಎಂಬುದಕ್ಕೆ ಅಧ್ಯಕ್ಷ ಪುಸ್ತಕದಲ್ಲಿದ್ದಂತೆ ಐದನ್ನೂ ಬರೆದಿದ್ದ. ಮೊಳೆ ಬರೆದದ್ದು ಒಂದೇ: ‘ಎಲ್ಲರಿಗಿಂತ ಮುಂಚೆ ಬಂದು ಬೀಗ ತೆಗೆಯುವುದು. ಉಳಿದದ್ದು ನಾನು ನೋಡಿಲ್ಲ.’ ಮೇಷ್ಟ್ರು ಆ ಹಾಳೆಯನ್ನು ಬಹಳ ಹೊತ್ತು ಹಿಡಿದುಕೊಂಡಿದ್ದು, ಕೊನೆಗೆ ಐದಕ್ಕೆ ಒಂದು ಕೊಟ್ಟರು. ಒಟ್ಟು ಅಧ್ಯಕ್ಷನಿಗೆ ಇಪ್ಪತ್ತೈದಕ್ಕೆ ಇಪ್ಪತ್ತಮೂರು, ಮೊಳೆಗೆ ಹನ್ನೆರಡು.

ಅಧ್ಯಕ್ಷ ಉತ್ತರಪತ್ರಿಕೆ ಹಿಡಿದು ಜಗಳಕ್ಕೇ ಬಂದ. “ಸಾರ್, ಇದು ಅನ್ಯಾಯ. ನನಗೆ ಜಾಸ್ತಿ ಬಂದಿದೆ!”

“ನೀನು ಐದು ಬರೆದಿದ್ದೀಯಲ್ಲೋ.”

“ಅವು ನನಗೆ ಬಾಯಿಪಾಠ ಸಾರ್, ಗೊತ್ತಿರೋದಲ್ಲ!”

“ಒಂದು ಬರೆದೆ, ಒಂದು ಬಂತು,” ಎಂದು ಮೊಳೆ ನಡುವೆ ಬಂದಳು. ಅವಳಿಗೆ ಅಂಕಗಳ ಮೇಲೆ ಗಮನವಿರಲಿಲ್ಲ. “ಸಾರ್, ಬೀಗದ ಕೈ ಕೊಡಿ. ನಲವತ್ಮೂರಲ್ಲಿ ಇನ್ನೂ ಆರು ಬೆಂಚು ಉಳಿದಿವೆ. ಪಾಠ ಮುಗೀತು ಅಂತ ಬಿಟ್ಟುಹೋಗೋಕಾಗುತ್ತಾ?”

ಮೇಷ್ಟ್ರು ಬೀಗದ ಕೈ ಕೊಡಲಿಲ್ಲ. ತಾವೇ ಹಿಡಿದು ಅವರ ಜೊತೆ ನಡೆದರು. ಉಗ್ರಾಣದಲ್ಲಿ ಅಂಗಿಯ ತೋಳು ಮಡಚಿ, ತಮಗೂ ಒಂದು ಸುತ್ತಿಗೆ ಕೊಡಿ ಎಂದು ಕೇಳಿದರು. ಮೊಳೆ ಅವರ ಕೈಗಳನ್ನು ಅನುಮಾನದಿಂದ ನೋಡಿ, ಎಲ್ಲಕ್ಕಿಂತ ಚಿಕ್ಕದನ್ನು ಆರಿಸಿ ಕೊಟ್ಟಳು.

ಸಂಜೆ ಮೇಲಿನ ಮನೆಯಲ್ಲಿ ಅಕ್ಕ ತಮ್ಮನ ಊದಿದ ಹೆಬ್ಬೆರಳಿಗೆ ಆಸ್ಪತ್ರೆಯ ಹಳೆಯ ಹಾಸಿನಿಂದ ಹರಿದ ಪಟ್ಟಿ ಸುತ್ತುತ್ತಿದ್ದಳು.

“ಬೆರಳು ಕುಂಬಳಕಾಯಿ ಆಗಿದೆ. ನಾಳೆ ರಜೆ ಹಾಕಿಬಿಡೋ.”

“ನಾಳೆ ಎರಡು ಬೆಂಚು ಇವೆ,” ಎಂದರು ಮೇಷ್ಟ್ರು. “ಸ್ವಲ್ಪ ಬಿಗಿಯಾಗಿ ಕಟ್ಟಕ್ಕ, ಸುತ್ತಿಗೆ ಹಿಡಿಯೋಕೆ ಬರಬೇಕು.”